ಪಾಡ್‌ಕಾಸ್ಟ್ ಕೇಳಿ: ಕಸದಿಂದ ಕರೆಂಟು, ಕ್ರೇನ್ ನಿಂತರೆ ಎಲ್ಲವೂ ನಿಂತಂತೆ

ಕಸ ಸುಟ್ಟು ಕರೆಂಟು ಮಾಡ್ತಾರೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ ಕಟ್ಟಿರುವ ಘಟಕದ್ದು 11.5 ಮೆಗಾವಾಟ್ ಸಾಮರ್ಥ್ಯ. ದಿನಕ್ಕೆ 600 ಟನ್ ಕಸ ಉರಿಸುವ ಲೆಕ್ಕ. ಇಂಥ ಘಟಕ ಅಂದ ಕೂಡಲೇ ನಾವು ಬಾಯ್ಲರ್, ಟರ್ಬೈನ್, ಚಿಮಣಿ ಅಂತ ಮಾತಾಡ್ತೀವಿ. ಇವತ್ತು ನಾನು ಹೇಳಹೊರಟಿರುವುದು ಸುದ್ದಿಗೇ ಬಾರದ ಒಂದು ಯಂತ್ರದ ಬಗ್ಗೆ. ಅದು ಕಸ ಎತ್ತುವ ಕ್ರೇನ್.

ಲಾರಿಗಳು ತಂದ ಕಸ ಮೊದಲು ಬೀಳೋದು ಬಂಕರ್ ಎಂಬ ಆಳವಾದ ಕಾಂಕ್ರೀಟ್ ಗುಂಡಿಗೆ. ಅದರ ಮೇಲ್ಗಡೆ ಹಳಿಗಳ ಮೇಲೆ ಕ್ರೇನ್ ಓಡಾಡುತ್ತದೆ. ಅದರ ಉಕ್ಕಿನ ಹಗ್ಗದ ತುದಿಯಲ್ಲಿ ದೊಡ್ಡ ಉಗುರುಗಳ ಗ್ರ್ಯಾಬ್. ಬಾವಿಗೆ ಬಿದ್ದ ಕೊಡ ತೆಗೆಯೋಕೆ ಪಾತಾಳಗರಡಿ ಇಳಿಸ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೇ. ವ್ಯತ್ಯಾಸ ಇಷ್ಟೇ: ಇದರ ಉಗುರುಗಳನ್ನು ಹೈಡ್ರಾಲಿಕ್ ಎಣ್ಣೆಯ ಒತ್ತಡ ಮುಚ್ಚಿ ತೆರೆಯುತ್ತದೆ. ಒಂದು ಸಲಕ್ಕೆ 3 ಟನ್ ಎತ್ತುತ್ತದೆ ಅಂದುಕೊಳ್ಳಿ. 600 ಟನ್‌ಗೆ ದಿನಕ್ಕೆ 200 ಸಲ, ವರ್ಷಕ್ಕೆ 73 ಸಾವಿರ ಸಲ! ಹಸಿ, ಒಣ ಕಸ ಹದವಾಗಿ ಬೆರೆಯಲಿ ಅಂತ ಎತ್ತಿ ಸುರಿಯುವ ಕೆಲಸ ಇದರಲ್ಲಿ ಸೇರಿಲ್ಲ.

ಈ ಕ್ರೇನ್ ಕೈಕೊಟ್ಟರೆ? ಕುಲುಮೆಗೆ ಕಸ ಇಳಿಯೋದು ನಿಲ್ಲುತ್ತದೆ, ಶಾಖ ತಗ್ಗುತ್ತದೆ. ಡಯಾಕ್ಸಿನ್‌ನಂಥ ವಿಷ ಉಳಿಯಬಾರದು ಅಂತ ಯುರೋಪಿನ ನಿಯಮ ಹೊಗೆಯನ್ನು ಕನಿಷ್ಠ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಸೆಕೆಂಡು ಇರಿಸಲೇಬೇಕು ಅನ್ನುತ್ತದೆ. ಆ ಶಾಖ ಉಳಿಸೋಕೆ ಎಣ್ಣೆಯನ್ನೋ ಗ್ಯಾಸನ್ನೋ ಉರಿಸಬೇಕು. ಇತ್ತ ಗುಂಡಿ ತುಂಬುತ್ತಾ ಹೋಗುತ್ತದೆ, ಲಾರಿಗಳು ಸಾಲುಗಟ್ಟುತ್ತವೆ. ಕದಲದೆ ಬಿದ್ದ ಕಸ ಒಳಗೊಳಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳೋ ಅಪಾಯವೂ ಉಂಟು.

ಹಾಗಾದರೆ ಕ್ರೇನ್ ಕೆಡೋದು ಯಾಕೆ? ಬಹಳ ಸಲ ಕಾರಣ ಸಣ್ಣದೇ. ಕಸಕ್ಕೆ ಸಿಕ್ಕಿ ಎಣ್ಣೆ ಪೈಪು ಹರಿಯುತ್ತದೆ. ಗ್ರ್ಯಾಬ್ ಕಸದ ಮೇಲೆ ಅಡ್ಡ ಬಿದ್ದಾಗ ಹಗ್ಗ ಸಡಿಲವಾಗಿ ಡ್ರಮ್ಮಿನ ಗಾಡಿಯಿಂದ ಜಾರುತ್ತದೆ. ದೂಳು, ತೇವ ಸೇರಿ ಲಿಮಿಟ್ ಸ್ವಿಚ್ ಸುಳ್ಳು ಹೇಳತೊಡಗುತ್ತದೆ.

‘ಎರಡು ಕ್ರೇನ್ ಇಟ್ಟರಾಯಿತಲ್ಲ’ ಅಂತೀರಾ? ದೊಡ್ಡ ಘಟಕಗಳಲ್ಲಿ ಇಡುತ್ತಾರೆ. ಆದರೆ ಸಾಮಾನ್ಯವಾಗಿ ಎರಡೂ ಓಡುವುದು ಒಂದೇ ಹಳಿಯ ಮೇಲೆ. ಒಂದು ನಡುವೆ ಕೆಟ್ಟು ನಿಂತರೆ ಇನ್ನೊಂದಕ್ಕೂ ದಾರಿ ಬಂದ್. ಹಾಗಾಗಿ ಕೆಟ್ಟದ್ದನ್ನು ಎಳೆದು ಮೂಲೆಗೆ ಸೇರಿಸುವ ಏರ್ಪಾಡು, ಅಲ್ಲಿ ನಿಂತು ರಿಪೇರಿ ಮಾಡೋಕೆ ಜಾಗ, ಎರಡೂ ಬೇಕು. ಇದನ್ನು ನಕ್ಷೆ ಹಾಕುವಾಗಲೇ ಯೋಚಿಸಬೇಕು.

ಮುಖ್ಯ ಸಂಗತಿ ಅಂದರೆ, ಕೆಡುವ ಮುಂಚೆಯೇ ಗೊತ್ತಾಗಬೇಕು. ನಮ್ಮಜ್ಜಿ ಬಾವಿಯ ಹಗ್ಗವನ್ನು ಬೆಳಿಗ್ಗೆ ಬೆರಳಲ್ಲಿ ಸವರಿ ನೋಡಿಯೇ ಕೊಡ ಇಳಿಸುತ್ತಿದ್ದರು; ರಾಟೆಗೆ ತಾಗುವ ಕಡೆ ಎಳೆ ಬಿಟ್ಟಿದೆಯಾ ಅಂತ. ಕ್ರೇನ್ ಹಗ್ಗಕ್ಕೂ ಇದೇ ಪಾಠ. ಎಷ್ಟು ತಂತಿ ತುಂಡಾಗಿದೆ, ದಪ್ಪ ಎಷ್ಟು ಸವೆದಿದೆ ಅಂತ ನೋಡಿ ಹಗ್ಗ ಬದಲಿಸುವ ಕ್ರಮವನ್ನು ಐಎಸ್‌ಒ 4309 ಮಾನದಂಡ ಹೇಳುತ್ತದೆ. ಬಿಡಿಭಾಗಗಳನ್ನು ಕ್ಯಾಲೆಂಡರ್ ನೋಡಿ ಬದಲಿಸೋದಕ್ಕಿಂತ ಎಷ್ಟು ಸಲ ಎತ್ತಿದೆ, ಎಷ್ಟು ತೂಕ ಎತ್ತಿದೆ ಅಂತ ಲೆಕ್ಕ ಇಟ್ಟು ಬದಲಿಸೋದು ಜಾಣತನ. ಇನ್ನೊಂದು ಗ್ರ್ಯಾಬ್, ಪೈಪು, ಸೀಲುಗಳು ಸ್ಥಳದಲ್ಲೇ ಇರಲಿ. ಕ್ಯಾಬಿನ್ನಿನಲ್ಲಿ ಕೂತ ಆಪರೇಟರ್ ‘ಸದ್ದು ಯಾಕೋ ಬೇರೆ ಥರ ಇದೆ ಸಾರ್’ ಅಂದರೆ, ‘ಈ ಶಿಫ್ಟ್ ಮುಗೀಲಿ’ ಅನ್ನದೆ ಬರೆದುಕೊಂಡು ನೋಡಬೇಕು.

ಇದರಲ್ಲಿ ನಮ್ಮದೂ ಪಾಲಿದೆ. ಒಡೆದ ರುಬ್ಬುಗುಂಡು, ಕಬ್ಬಿಣದ ಸರಪಳಿ, ಹಳೇ ಬ್ಯಾಟರಿ ಕಸದ ಗಾಡಿಗೆ ಹಾಕೋ ಮುಂಚೆ ಒಂದು ಕ್ಷಣ ಯೋಚಿಸಿ. ಅದು ಕೊನೆಗೆ ಸಿಗೋದು ಆ ಉಗುರುಗಳಿಗೇ.