ಪರೀಕ್ಷೆ ಮಕ್ಕಳಿಗೆ, ಫಲಿತಾಂಶ ಶಾಲೆಗೆ

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಹುಡುಗ ಪಾಸಾಗುತ್ತಾನೆ, ಇಲ್ಲವೇ ಫೇಲಾಗುತ್ತಾನೆ. ಶಾಲೆಗೆ ಅದರಿಂದ ಒಳ್ಳೆಯ ಹೆಸರೋ ಕೆಟ್ಟ ಹೆಸರೋ ಬರಬಹುದು. ಅಂಕಪಟ್ಟಿ ಮಾತ್ರ ಹುಡುಗನದೇ. ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ಕಾಯ್ದೆಯೊಂದು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಮೂರನೇ ತರಗತಿಯ ಮಗು ಕುಳಿತು ಪರೀಕ್ಷೆ ಬರೆಯಬೇಕು. ಪಾಸು ಅಥವಾ ಫೇಲು ಆಗುವುದು ಶಾಲೆ. ಮಕ್ಕಳ ಅಂಕ ಕಡಿಮೆಯಾದರೆ ಆ ಕಾಯ್ದೆಯಲ್ಲಿ ಮಕ್ಕಳಿಗೆ ಯಾವ ಶಿಕ್ಷೆಯೂ ಇರಲಿಲ್ಲ. ಆದರೆ ಮುಖ್ಯೋಪಾಧ್ಯಾಯರ ಕೆಲಸ ಹೋಗಬಹುದಿತ್ತು, ಶಾಲೆಯ ಆಡಳಿತವೇ ಬೇರೆಯವರ ಕೈಗೆ ಹೋಗಬಹುದಿತ್ತು.

ಕಾಯ್ದೆಯ ಹೆಸರು ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’. ಯಾವ ಮಗುವೂ ಹಿಂದೆ ಉಳಿಯಬಾರದು ಎಂದು ಅದರ ಅರ್ಥ. ಇಷ್ಟು ಒಳ್ಳೆಯ ಉದ್ದೇಶದ ಕಾನೂನು ಹದಿಮೂರೇ ವರ್ಷಗಳಲ್ಲಿ ತಾಯಂದಿರು, ಶಿಕ್ಷಕರು, ರಾಜಕಾರಣಿಗಳು ಎಲ್ಲರ ಸಿಟ್ಟಿಗೂ ಗುರಿಯಾಗಿದ್ದು ಹೇಗೆ?

ಹಣದ ಜೊತೆಗೆ ಬಂದ ಷರತ್ತು

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಶಾಲೆ ನಡೆಸುವುದು 50 ರಾಜ್ಯಗಳ ಮತ್ತು ಅವುಗಳೊಳಗಿನ ಸಾವಿರಾರು ಸ್ಥಳೀಯ ಶಾಲಾ ಮಂಡಳಿಗಳ ಹೊಣೆ. ಪಠ್ಯವನ್ನು, ಶಿಕ್ಷಕರನ್ನು ಆರಿಸುವವರು ಅವರೇ. ಶಾಲೆಗಳ ಒಟ್ಟು ಖರ್ಚಿನಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲೊಂದು ಭಾಗದ ಆಸುಪಾಸು ಮಾತ್ರ. ಹೀಗಿರುವಾಗ ಕೇಂದ್ರ ಸರ್ಕಾರ ತರಗತಿಯೊಳಕ್ಕೆ ಕಾಲಿಟ್ಟದ್ದು ಹಣದ ಬಾಗಿಲಿನಿಂದ.

1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸಿನಲ್ಲಿ ತಾವು ಓದಿದ ಒಂದೇ ಕೋಣೆಯ ಹಳ್ಳಿಶಾಲೆಗೆ ಹೋಗಿ, ತಮ್ಮ ಮೊದಲ ಶಿಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಕೇಂದ್ರದ ಹಣ ಹರಿಯತೊಡಗಿದ್ದು ಅಂದಿನಿಂದ. ಹಣವೇನೋ ಹೋಯಿತು, ಅದರಿಂದ ಮಕ್ಕಳು ಏನು ಕಲಿತರು ಎಂಬ ಪ್ರಶ್ನೆ ಉಳಿಯಿತು.

1983ರಲ್ಲಿ ‘ಅಪಾಯದಲ್ಲಿರುವ ರಾಷ್ಟ್ರ’ ಎಂಬ ಸರ್ಕಾರಿ ವರದಿ ಅಮೆರಿಕದ ಶಾಲೆಗಳ ಮಟ್ಟ ಕುಸಿಯುತ್ತಿದೆಯೆಂದು ಗುಲ್ಲೆಬ್ಬಿಸಿತು. ಬಿಲ್ ಕ್ಲಿಂಟನ್ ಕಾಲದ 1994ರ ಕಾಯ್ದೆಯು ಓದು ಮತ್ತು ಗಣಿತದಲ್ಲಿ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಹಂತಗಳಲ್ಲಿ ಒಂದೊಂದು ಬಾರಿ ಪರೀಕ್ಷೆ ಕಡ್ಡಾಯವೆಂದಿತು. ಅಂದರೆ ಇಡೀ ಶಾಲಾ ಜೀವನದಲ್ಲಿ ಆರು ಪರೀಕ್ಷೆ. ಆಗಲೇ ಟೆಕ್ಸಾಸ್ ರಾಜ್ಯದಲ್ಲಿ ವರ್ಷವರ್ಷವೂ ಪರೀಕ್ಷೆ ನಡೆಸಿ ಅಂಕಗಳ ಮೇಲೆ ಶಾಲೆಗಳಿಗೆ ದರ್ಜೆ ಕೊಡುವ ಪದ್ಧತಿಯಿತ್ತು. ಆ ರಾಜ್ಯದ ಗವರ್ನರಾಗಿದ್ದ ಜಾರ್ಜ್ ಬುಷ್ 2001ರಲ್ಲಿ ಅಧ್ಯಕ್ಷರಾದಾಗ ಆ ಪದ್ಧತಿಯೂ ಅವರ ಜೊತೆ ವಾಷಿಂಗ್ಟನ್ನಿಗೆ ಬಂತು. ಹೂಸ್ಟನ್ ನಗರದ ಶಾಲೆಗಳ ಮುಖ್ಯಸ್ಥರಾಗಿದ್ದ ರಾಡ್ ಪೇಜ್ ಶಿಕ್ಷಣ ಸಚಿವರಾದರು.

ಆರರಿಂದ ಹದಿನೇಳಕ್ಕೆ

2002ರ ಜನವರಿ 8ರಂದು ಬುಷ್ ಸಹಿ ಹಾಕಿದ ಕಾಯ್ದೆಗೆ ಎರಡೂ ಪಕ್ಷಗಳ ಬೆಂಬಲವಿತ್ತು. ಸೆನೆಟ್ಟಿನಲ್ಲಿ ಪರವಾಗಿ 87 ಮತ, ವಿರುದ್ಧ ಹತ್ತೇ ಮತ. ಕಡು ಡೆಮಾಕ್ರಾಟ್ ಎಡ್ವರ್ಡ್ ಕೆನಡಿ ಕೂಡ ಅದರ ಶಿಲ್ಪಿಗಳಲ್ಲಿ ಒಬ್ಬರು.

ಹೊಸ ನಿಯಮದಂತೆ ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ, ಪ್ರೌಢಶಾಲೆಯಲ್ಲಿ ಒಮ್ಮೆ, ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. ಮೂರು ಹಂತಗಳಲ್ಲಿ ಒಂದೊಂದು ವಿಜ್ಞಾನ ಪರೀಕ್ಷೆ ಇದಕ್ಕೆ ಸೇರಿತು. ಒಟ್ಟು ಹದಿನೇಳು. 2013-14ರ ಹೊತ್ತಿಗೆ ದೇಶದ ಎಲ್ಲ ಮಕ್ಕಳೂ, ನೂರಕ್ಕೆ ನೂರು, ನಿಗದಿತ ಮಟ್ಟ ಮುಟ್ಟಬೇಕೆಂದು ಕಾಯ್ದೆ ಗಡುವು ಹಾಕಿತು.

ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿತ್ತು. ಶಾಲೆಯ ಸರಾಸರಿ ಅಂಕ ತೋರಿಸಿ ಪಾರಾಗುವಂತಿರಲಿಲ್ಲ. ಕಪ್ಪು ಮಕ್ಕಳು, ಸ್ಪ್ಯಾನಿಷ್ ಮೂಲದವರು, ಬಡವರು, ಅಂಗವಿಕಲರು, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರು, ಹೀಗೆ ಒಂದೊಂದು ಗುಂಪಿನ ಫಲಿತಾಂಶವನ್ನೂ ಬೇರೆಬೇರೆಯಾಗಿ ಪ್ರಕಟಿಸಬೇಕಿತ್ತು. ಪ್ರತಿ ಗುಂಪಿನಲ್ಲಿ ನೂರಕ್ಕೆ 95 ಮಕ್ಕಳಾದರೂ ಪರೀಕ್ಷೆಗೆ ಕೂರಬೇಕಿತ್ತು. ಒಂದೇ ಒಂದು ಗುಂಪು ಗುರಿ ತಪ್ಪಿದರೂ ಇಡೀ ಶಾಲೆ ಗುರಿ ತಪ್ಪಿದಂತೆ.

ಕೇಂದ್ರದ ಹಣ ಪಡೆಯುವ ಶಾಲೆ ಸತತ ಎರಡು ವರ್ಷ ತಪ್ಪಿದರೆ ಪೋಷಕರು ಮಗುವನ್ನು ಬೇರೆ ಶಾಲೆಗೆ ಸೇರಿಸಬಹುದು; ಮೂರನೇ ವರ್ಷವೂ ತಪ್ಪಿದರೆ ಉಚಿತ ಮನೆಪಾಠ ಒದಗಿಸಬೇಕು; ಆಮೇಲೆ ಸಿಬ್ಬಂದಿ ಬದಲಾವಣೆ; ಕೊನೆಗೆ ಶಾಲೆಯ ಪುನರ್ರಚನೆ.

ಗೋಡೆಯಾಚೆಗಿನ ಮಕ್ಕಳು

ಈ ವ್ಯವಸ್ಥೆಯಿಂದ ಒಳಿತೇನೂ ಆಗಲಿಲ್ಲ ಎನ್ನುವಂತಿಲ್ಲ. ಸರಾಸರಿಯ ಗೋಡೆಯ ಹಿಂದೆ ಅಡಗಿದ್ದ ಮಕ್ಕಳು ಮೊದಲ ಬಾರಿಗೆ ದೇಶದೆಲ್ಲೆಡೆ ಲೆಕ್ಕಕ್ಕೆ ಬಂದರು. ಶ್ರೀಮಂತ ಬಡಾವಣೆಯ ‘ಒಳ್ಳೆಯ’ ಶಾಲೆಯಲ್ಲೂ ಕಪ್ಪು ಮಕ್ಕಳು, ಅಂಗವಿಕಲ ಮಕ್ಕಳು ಎಷ್ಟು ಹಿಂದಿದ್ದಾರೆಂಬುದು ಊರಿಗೆಲ್ಲ ತಿಳಿಯಿತು. ಥಾಮಸ್ ಡೀ ಮತ್ತು ಬ್ರಯಾನ್ ಜೇಕಬ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕನೇ ತರಗತಿಯ ಗಣಿತದಲ್ಲಿ ಸುಧಾರಣೆ ನಿಜವಾಗಿಯೂ ಕಂಡಿತ್ತು. ಓದಿನಲ್ಲಿ ಮಾತ್ರ ಅಂಥದ್ದೇನೂ ಕಾಣಲಿಲ್ಲ.

ಆದರೆ ಅಂಕಕ್ಕೆ ಶಿಕ್ಷೆ ಅಂಟಿಕೊಂಡ ಮೇಲೆ ಶಾಲೆಗಳ ನಡವಳಿಕೆ ಬದಲಾಯಿತು. ಮೊದಲ ಪೆಟ್ಟು ಬಿದ್ದದ್ದು ವೇಳಾಪಟ್ಟಿಗೆ. ಶಿಕ್ಷಣ ನೀತಿ ಕೇಂದ್ರವೆಂಬ ಸಂಸ್ಥೆ 2007ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 62 ಶಾಲಾ ಮಂಡಳಿಗಳು ಪ್ರಾಥಮಿಕ ಶಾಲೆಗಳಲ್ಲಿ ಓದು, ಗಣಿತಗಳ ಅವಧಿ ಹೆಚ್ಚಿಸಿದ್ದಾಗಿ ಹೇಳಿದವು. ನೂರಕ್ಕೆ 44 ಮಂಡಳಿಗಳು ಸಮಾಜ, ವಿಜ್ಞಾನ, ಚಿತ್ರಕಲೆ, ಸಂಗೀತ, ಆಟೋಟ ಮೊದಲಾದವುಗಳಲ್ಲಿ ಯಾವುದಾದರೊಂದರ ಹೊತ್ತನ್ನು ಕಡಿತ ಮಾಡಿದ್ದವು. ಪರೀಕ್ಷೆಯಲ್ಲಿ ಇಲ್ಲದ್ದು ಪಾಠದಲ್ಲೂ ಕಡಿಮೆಯಾಯಿತು.

ಎರಡನೆಯ ಪೆಟ್ಟು ಮಕ್ಕಳಿಗೇ ಬಿತ್ತು. ಪಾಸಾಗುವ ಗೆರೆಗೆ ಸ್ವಲ್ಪವೇ ಕೆಳಗಿರುವ ಮಗುವಿಗೆ ಒತ್ತಿ ಕಲಿಸಿದರೆ ಶಾಲೆಯ ಲೆಕ್ಕಕ್ಕೆ ಒಂದು ಅಂಕೆ ಸೇರುತ್ತದೆ. ತೀರ ಹಿಂದಿರುವ ಮಗು ಎಷ್ಟು ಕಲಿತರೂ ಗೆರೆ ದಾಟದಿದ್ದರೆ ಲೆಕ್ಕಕ್ಕಿಲ್ಲ. ಷಿಕಾಗೋ ಶಾಲೆಗಳನ್ನು ಅಭ್ಯಸಿಸಿದ ಡೆರೆಕ್ ನೀಲ್ ಮತ್ತು ಡಯೇನ್ ಶಾಂಜೆನ್‌ಬಾಕ್ 2010ರಲ್ಲಿ ಇದನ್ನೇ ಕಂಡರು: ನಡುವಿನ ಮಕ್ಕಳ ಅಂಕ ಏರಿತ್ತು, ಎಲ್ಲರಿಗಿಂತ ಕೆಳಗಿದ್ದವರಿಗೆ ಲಾಭವಾಗಿರಲಿಲ್ಲ. ಯಾರ ಹೆಸರಿನಲ್ಲಿ ಕಾಯ್ದೆ ಬಂದಿತ್ತೋ ಅವರೇ ಹಿಂದುಳಿದಿದ್ದರು.

ಮೂರನೆಯದು ಅಳತೆಗೋಲಿನ ಮೋಸ. ಪಾಸಿನ ಮಟ್ಟ ನಿಗದಿ ಮಾಡುವ ಅಧಿಕಾರ ಆಯಾ ರಾಜ್ಯಕ್ಕೇ ಇತ್ತು. ಮಿಸಿಸಿಪ್ಪಿ ರಾಜ್ಯದ ಸ್ವಂತ ಪರೀಕ್ಷೆಯ ಪ್ರಕಾರ 2005ರಲ್ಲಿ ನಾಲ್ಕನೇ ತರಗತಿಯ ನೂರಕ್ಕೆ 89 ಮಕ್ಕಳು ಓದಿನಲ್ಲಿ ನಿಗದಿತ ಮಟ್ಟ ಮುಟ್ಟಿದ್ದರು. ಅದೇ ವರ್ಷದ ರಾಷ್ಟ್ರೀಯ ಮಾದರಿ ಪರೀಕ್ಷೆಯಲ್ಲಿ ಆ ಮಟ್ಟ ಮುಟ್ಟಿದವರು ನೂರಕ್ಕೆ 18 ಮಾತ್ರ.

ಕಾಯ್ದೆಗೆ ಮಾದರಿಯಾಗಿದ್ದ ಹೂಸ್ಟನ್ನಿನ ಬಣ್ಣವೂ ಬಯಲಾಯಿತು. 2003ರಲ್ಲಿ ಅಲ್ಲಿನ 16 ಶಾಲೆಗಳನ್ನು ಬಿಟ್ಟುಹೋದ ಸುಮಾರು 5,500 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಶಾಲೆ ತೊರೆದವರೆಂದು ಬರೆಯಬೇಕಿದ್ದ ಅರ್ಧಕ್ಕೂ ಹೆಚ್ಚು ಮಕ್ಕಳನ್ನು ಹಾಗೆ ಬರೆದಿರಲಿಲ್ಲವೆಂದು ತಿಳಿಯಿತು. ಅಟ್ಲಾಂಟಾದಲ್ಲಿ ಇದು ಇನ್ನೂ ಮುಂದೆ ಹೋಯಿತು. ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಿ ಶಿಕ್ಷಕರೇ ಸರಿಯುತ್ತರ ತುಂಬಿದ್ದರೆಂದು 2011ರಲ್ಲಿ ಜಾರ್ಜಿಯಾ ರಾಜ್ಯದ ತನಿಖೆ ಹೇಳಿತು. 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರ ಮೇಲೆ ಅದು ಬೊಟ್ಟು ಮಾಡಿತು. 82 ಮಂದಿ ತಪ್ಪೊಪ್ಪಿಕೊಂಡರು. 2015ರ ಏಪ್ರಿಲ್‌ನಲ್ಲಿ 11 ಮಂದಿ ಅಪರಾಧಿಗಳೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಲ್ಲಿ ನಿಜವಾಗಿ ಮೋಸಹೋದವರು ಆ ಮಕ್ಕಳು. ಓದಲು ಬಾರದ ಮಗು ಕಾಗದದ ಮೇಲೆ ಪಾಸಾಗಿತ್ತು. ಆದ್ದರಿಂದ ಅದಕ್ಕೆ ಬೇಕಿದ್ದ ನೆರವು ಸಿಗಲೇ ಇಲ್ಲ.

ಬೇಡವೆಂದವರು, ಬೇಕೆಂದವರು

2011ರ ಹೊತ್ತಿಗೆ ದೇಶದ ಸುಮಾರು ಅರ್ಧದಷ್ಟು ಶಾಲೆಗಳು ವಾರ್ಷಿಕ ಗುರಿ ತಪ್ಪಿದ್ದವು. ನೂರಕ್ಕೆ ನೂರರ ಗಡುವು ಅಸಾಧ್ಯವೆಂದು ಎಲ್ಲರಿಗೂ ಗೊತ್ತಾಗಿತ್ತು. ಬರಾಕ್ ಒಬಾಮ ಸರ್ಕಾರ ರಾಜ್ಯಗಳಿಗೆ ವಿನಾಯಿತಿ ಕೊಡತೊಡಗಿತು, ಅದಕ್ಕೂ ಷರತ್ತುಗಳಿದ್ದವು. 2009ರಲ್ಲಿ ಆರಂಭವಾದ 435 ಕೋಟಿ ಡಾಲರ್‌ಗಳ ಅನುದಾನ ಸ್ಪರ್ಧೆಯಲ್ಲಿ ಗೆಲ್ಲಬಯಸಿದ ರಾಜ್ಯಗಳು ಮಕ್ಕಳ ಅಂಕವನ್ನು ಶಿಕ್ಷಕರ ಮೌಲ್ಯಮಾಪನಕ್ಕೂ ಜೋಡಿಸಿದವು. ರಾಜ್ಯ, ಜಿಲ್ಲೆಗಳು ತಮ್ಮದೇ ಪರೀಕ್ಷೆಗಳನ್ನೂ ಸೇರಿಸಿದವು. ದೊಡ್ಡ ನಗರಗಳ ಶಾಲಾ ಮಂಡಳಿಗಳ ಒಕ್ಕೂಟ 2015ರಲ್ಲಿ ಲೆಕ್ಕ ಹಾಕಿದಾಗ, ಶಿಶುವಿಹಾರದಿಂದ 12ನೇ ತರಗತಿಯವರೆಗೆ ಒಬ್ಬ ವಿದ್ಯಾರ್ಥಿ ಬರೆಯಬೇಕಾದ ಕಡ್ಡಾಯ ಪರೀಕ್ಷೆಗಳು ಸರಾಸರಿ 112!

ಆ ವರ್ಷದ ವಸಂತದಲ್ಲಿ ನ್ಯೂಯಾರ್ಕ್ ರಾಜ್ಯದ ಐದರಲ್ಲೊಂದು ಭಾಗದಷ್ಟು ಮಕ್ಕಳು, ಎರಡು ಲಕ್ಷದಷ್ಟು, ಪೋಷಕರ ಒಪ್ಪಿಗೆಯಿಂದಲೇ ಪರೀಕ್ಷೆ ಬಹಿಷ್ಕರಿಸಿದರು. ಆಗ ಕಪ್ಪು ಜನರ, ಅಂಗವಿಕಲರ, ವಲಸಿಗರ ಹಕ್ಕುಗಳಿಗಾಗಿ ಹೋರಾಡುವ ಹಲವು ಸಂಘಟನೆಗಳು ಈ ಬಹಿಷ್ಕಾರವನ್ನು ವಿರೋಧಿಸಿದ್ದು ಗಮನಾರ್ಹ. ಪರೀಕ್ಷೆ ನಿಂತರೆ ತಮ್ಮ ಮಕ್ಕಳ ಸ್ಥಿತಿ ಮತ್ತೆ ಕತ್ತಲೆಗೆ ಸರಿಯುತ್ತದೆ ಎಂಬುದು ಅವರ ಆತಂಕ.

2015ರ ಡಿಸೆಂಬರ್ 10ರಂದು ಒಬಾಮ ಸಹಿ ಮಾಡಿದ ‘ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ಈ ಎರಡು ಕೂಗುಗಳ ನಡುವಿನ ರಾಜಿ. ಹದಿನೇಳು ಪರೀಕ್ಷೆಗಳು ಹಾಗೇ ಉಳಿದವು. ಗುಂಪುವಾರು ಫಲಿತಾಂಶವೂ ಉಳಿಯಿತು. ಸೋತ ಶಾಲೆಗೆ ಏನು ಮಾಡಬೇಕೆಂಬ ನಿರ್ಧಾರ ಮಾತ್ರ ಬಹುಮಟ್ಟಿಗೆ ರಾಜ್ಯಗಳಿಗೆ ಮರಳಿತು. 2020ರಲ್ಲಿ ಕೋವಿಡ್ ಕಾರಣದಿಂದ ಆ ವರ್ಷದ ಪರೀಕ್ಷೆಗಳಿಗೆ ವಿನಾಯಿತಿ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಕೇಂದ್ರ ಶಿಕ್ಷಣ ಇಲಾಖೆಯನ್ನೇ ಮುಚ್ಚುವತ್ತ ಆದೇಶ ಹೊರಡಿಸಿದರು. ಆದರೆ ಪರೀಕ್ಷೆಯ ನಿಯಮ ಕಾಯ್ದೆಯಲ್ಲಿದೆ. ಅದನ್ನು ತೆಗೆಯಬೇಕಾದರೆ ಅಲ್ಲಿನ ಸಂಸತ್ತೇ ಮನಸ್ಸು ಮಾಡಬೇಕು.

ಅಳೆಯಲು ಇಟ್ಟುಕೊಂಡ ಅಂಕಿಯನ್ನೇ ತೀರ್ಪಿಗೂ ಬಳಸಿದರೆ ಆ ಅಂಕಿಯೂ ಕೆಡುತ್ತದೆ, ಅಳೆಯಹೊರಟ ಕೆಲಸವೂ ಕೆಡುತ್ತದೆ ಎಂದು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ 1976ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಅಮೆರಿಕದ ಶಾಲೆಗಳು ಆ ಮಾತಿಗೆ ಉದಾಹರಣೆಯಾದವು. ಆದರೂ ಅಳೆಯುವುದನ್ನೇ ಬಿಟ್ಟರೆ ಮೂಲೆಯ ಬೆಂಚಿನ ಮಗುವಿನ ಕಡೆ ನೋಡುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗುವತನಕ ಅಲ್ಲಿನ ಮೂರನೇ ತರಗತಿಯ ಮಕ್ಕಳು ಪ್ರತಿ ವಸಂತದಲ್ಲೂ ಪೆನ್ಸಿಲ್ ಹಿಡಿದೋ, ಕಂಪ್ಯೂಟರಿನ ಮುಂದೆ ಕುಳಿತೋ ತಮ್ಮ ಶಾಲೆಯ ಪರೀಕ್ಷೆ ಬರೆಯುತ್ತಿರಬೇಕಾಗುತ್ತದೆ.