ಮನೆಯ ಚಿತ್ರಭಂಡಾರವೂ ಮೂಲಪ್ರತಿಯ ರಕ್ಷಣೆಯೂ

ಮದುವೆ, ನಾಮಕರಣ, ಜಾತ್ರೆ ಮೊದಲಾದ ಸಂದರ್ಭಗಳ ವಿಡಿಯೋ ಇಲ್ಲದ ಮನೆಯು ಈಗ ವಿರಳವೆಂದೇ ಹೇಳಬೇಕು. ಆದರೆ ಅವುಗಳನ್ನು ಬೇಕೆಂದಾಗ ನೋಡಿ ಸಂತೋಷಪಡುವ ಮನೆಗಳು ಎಷ್ಟಿರಬಹುದು? ಹೊಸಪೇಟೆಯ ನಮ್ಮ ಮನೆಯ ಅನುಭವವನ್ನೇ ವಾಚಕರ ಮುಂದಿಡುವೆವು. ಹಂಪಿಯ ಜೋಡಿ ರಥೋತ್ಸವದ ಚಿತ್ರವು ಒಂದು ಹಳೆಯ ಕ್ಯಾಸೆಟ್ಟಿನಲ್ಲಿದ್ದಿತು; ಸಂಡೂರಿನ ಸೋದರತ್ತೆಯ ಮನೆಯ ಮದುವೆ ಇನ್ನೊಂದರಲ್ಲಿ; ಕಂಪ್ಲಿಯಲ್ಲಿರುವ ನಮ್ಮ ಅಕ್ಕನ ಮಗನು ತುಂಗಭದ್ರೆಯ ದಡದಲ್ಲಿ ತೆಗೆದ ಚಿತ್ರಗಳು ಅವನ ಹೊಸ ಮೊಬೈಲಿನಲ್ಲಿ. ಒಂದೊಂದಕ್ಕೆ ಒಂದೊಂದು ರೂಪ. ಒಬ್ಬರ ಟೀವಿಯಲ್ಲಿ ಮೂಡುವುದು ಮತ್ತೊಬ್ಬರ ಟೀವಿಯಲ್ಲಿ ಮೂಡದು.

ಇಂಥ ಭಿನ್ನ ರೂಪಗಳನ್ನು ಎಲ್ಲ ಸಾಧನಗಳಿಗೂ ಒಗ್ಗುವ ಒಂದೇ ರೂಪಕ್ಕೆ ತರುವ ಕ್ರಿಯೆಗೆ ಟ್ರಾನ್ಸ್‌ಕೋಡಿಂಗ್ ಎಂದು ಹೆಸರು, ನಾವು ರೂಪಾಂತರವೆನ್ನೋಣ. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದೇ ನಮ್ಮ ಮನೆಯ ಸರ್ವರು. ೨೦೦೦ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವು ಯಾರಿಗೂ ಉಚಿತವಾಗಿ ದೊರೆಯುವುದು. ಒಂದು ಫೋಲ್ಡರಿನಲ್ಲಿ ಹೊಸ ಚಿತ್ರವನ್ನು ಹಾಕಿದೊಡನೆ ಸರ್ವರು ಅದನ್ನು ಗಮನಿಸಿ, ರಾತ್ರಿ ಎಲ್ಲರೂ ಮಲಗಿರುವಾಗ ರೂಪಾಂತರಿಸಿ ಇಡುವಂತೆ ಏರ್ಪಡಿಸಿದೆವು.

ಯಂತ್ರವು ಚಿತ್ರವನ್ನು ಕಿರಿದಾಗಿಸುವ ಬಗೆಯು ಸ್ವಾರಸ್ಯವಾದುದು. ಕ್ಯಾಮರಾವನ್ನು ಅಲುಗಿಸದೆ ಹಂಪಿಯ ಕಲ್ಲಿನ ರಥವನ್ನು ಚಿತ್ರಿಸಿದೆವೆನ್ನಿ. ರಥವು ನಿಂತಲ್ಲಿಯೇ ಇರುವುದು. ಜನರು ಮಾತ್ರ ಚಲಿಸುವರು. ಆದಕಾರಣ ಯಂತ್ರವು ಶಿಲೆಯನ್ನು ಒಮ್ಮೆ ಬರೆದಿಟ್ಟುಕೊಂಡು, ಅಲ್ಲಿಂದ ಮುಂದೆ ಬಹುಮಟ್ಟಿಗೆ ಬದಲಾದುದನ್ನಷ್ಟೇ ಬರೆಯುವುದು. ಕಂಪ್ಲಿಯ ಹೊಳೆಯ ನೀರಾದರೋ ಕ್ಷಣಕ್ಷಣಕ್ಕೂ ಬದಲಾಗುವುದು. ಅಲ್ಲಿ ಉಳಿತಾಯವು ಸ್ವಲ್ಪವೇ. ಆದುದರಿಂದ ಎಲ್ಲ ಚಿತ್ರಗಳಿಗೂ ಒಂದೇ ಗಾತ್ರವನ್ನು ಗೊತ್ತುಮಾಡದೆ ಒಂದೇ ಗುಣಮಟ್ಟವನ್ನು ಗೊತ್ತುಮಾಡುವುದು ಲೇಸು. ಎಕ್ಸ್೨೬೪ ಎಂಬ ಸಾಧನದಲ್ಲಿ ಇದಕ್ಕೆ ೦ಯಿಂದ ೫೧ರವರೆಗೆ ಅಂಕೆಗಳುಂಟು. ಅಂಕೆ ಕಿರಿದಾದಷ್ಟೂ ಚಿತ್ರವು ಸ್ಪಷ್ಟ, ಗಾತ್ರವು ಹಿರಿದು. ಯಾವುದನ್ನೂ ಹೇಳದಿದ್ದರೆ ಯಂತ್ರವು ೨೩ನ್ನು ಹಿಡಿಯುವುದು. ಹಳೆಯ ಕ್ಯಾಸೆಟ್ಟುಗಳಿಗೆ ನಾವು ೧೮ನ್ನು ಇಟ್ಟೆವು. ೨೦೧೩ರ ಎಚ್.೨೬೫ ರೂಪವು ಇನ್ನೂ ಕಡಮೆ ಸ್ಥಳವನ್ನು ಬೇಡುವುದಾದರೂ ಹಳೆಯ ಟೀವಿಗಳು ಅದನ್ನರಿಯವು. ಆದುದರಿಂದ ೨೦೦೩ರ ಎಚ್.೨೬೪ ರೂಪವನ್ನೇ ಆರಿಸಿಕೊಂಡೆವು.

ಕ್ಯಾಸೆಟ್ಟಿನ ಚಿತ್ರಕ್ಕೆ ಮತ್ತೊಂದು ಸಂಸ್ಕಾರವು ಅವಶ್ಯ. ಅದರಲ್ಲಿ ಸೆಕೆಂಡಿಗೆ ೫೦ ಅರ್ಧಚಿತ್ರಗಳು, ಒಮ್ಮೆ ಬೆಸಸಾಲು, ಒಮ್ಮೆ ಸರಿಸಾಲು ಎಂಬಂತೆ ಬರುವುವು. ಹಾಗೆಯೇ ಬಿಟ್ಟರೆ ಇಂದಿನ ಪರದೆಯ ಮೇಲೆ ಉರುಳುವ ರಥದ ಗಾಲಿಯ ಅಂಚು ಬಾಚಣಿಗೆಯ ಹಲ್ಲುಗಳಂತೆ ತೋರುವುದು. ಡೀಇಂಟರ್ಲೇಸ್ ಎಂಬ ಆಜ್ಞೆಯಿಂದ ಇದನ್ನು ಸರಿಪಡಿಸಬಹುದು.

ಇಷ್ಟೆಲ್ಲವನ್ನೂ ಮಾಡಿದ ನಾವು ಒಂದು ದೊಡ್ಡ ತಪ್ಪನ್ನೂ ಮಾಡಿದೆವು. ಡಿವಿ ಕ್ಯಾಸೆಟ್ಟಿನ ಒಂದು ಗಂಟೆಯ ಚಿತ್ರವು ಸುಮಾರು ೧೩ ಗಿಗಾಬೈಟು ಸ್ಥಳವನ್ನು ನುಂಗುವುದು. ಸ್ಥಳದ ಆಸೆಯಿಂದ, ಹೊಸ ಪ್ರತಿಯು ಸಿದ್ಧವಾದೊಡನೆ ಮೂಲವನ್ನು ಅಳಿಸಿಬಿಡೆಂದು ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದೆವು. ಒಂದು ರಾತ್ರಿ ಕರೆಂಟು ಹೋಯಿತು. ಬಂದ ಮೇಲೆ ಎಚ್ಚತ್ತ ಸರ್ವರು, ಹೊಸ ಹೆಸರಿನ ಫೈಲು ಇದೆಯೆಂಬುದನ್ನಷ್ಟೇ ಕಂಡು, ಕೆಲಸ ಮುಗಿಯಿತೆಂದು ಬಗೆದು ಮೂಲವನ್ನು ಅಳಿಸಿತು. ಉಳಿದುದು ಅರ್ಧ ಮದುವೆ. ನಮ್ಮ ಅಜ್ಜಿಯು ಹಸೆಗೆ ಕರೆದ ಹಾಡು ಕಳೆದುಹೋದ ಅರ್ಧದಲ್ಲಿತ್ತು. ಅಜ್ಜಿಯು ಈಗಿಲ್ಲ, ಆಕೆಯ ದನಿಯು ಬೇರೆಲ್ಲಿಯೂ ಇಲ್ಲ.

ಸಂಕೋಚದಿಂದಲೇ ಸಂಡೂರಿಗೆ ಫೋನು ಮಾಡಿದೆವು. “ನಾನೇನು ಕ್ಯಾಸೆಟ್ಟು ಒಗೆದೀನೇನಪ್ಪಾ? ಟ್ರಂಕಿನಾಗ ಐತಿ, ಬಂದು ತಗೊಂಡು ಹೋಗು,” ಎಂದರು ಅತ್ತೆ. ಕ್ಯಾಸೆಟ್ಟನ್ನು ಮತ್ತೆ ಓಡಿಸಿದಾಗ ಚಿತ್ರದಲ್ಲಿ ಅಲ್ಲಲ್ಲಿ ಗೆರೆಗಳು ಬಿದ್ದಿದ್ದುವು. ಆದರೆ ಹಾಡು ಪೂರ್ತಿಯಾಗಿ ಉಳಿದಿತ್ತು. ಅದನ್ನು ಕೇಳಿ ಮುಗಿಯುವವರೆಗೆ ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

ಅಂದಿನಿಂದ ಕೆಲವು ನಿಯಮಗಳನ್ನು ಮಾಡಿಕೊಂಡಿರುವೆವು. ರೂಪಾಂತರವು ನಡೆಯುತ್ತಿರುವಷ್ಟು ಕಾಲ ಹೊಸ ಫೈಲಿಗೆ ತಾತ್ಕಾಲಿಕ ಹೆಸರಿರತಕ್ಕದ್ದು; ಕೆಲಸವು ನಿರ್ದೋಷವಾಗಿ ಮುಗಿದ ಮೇಲೆಯೇ ನಿಜವಾದ ಹೆಸರು. ಮೂಲದ ಕಾಲಾವಧಿಯೂ ಪ್ರತಿಯ ಕಾಲಾವಧಿಯೂ ಒಂದೇ ಆಗಿದೆಯೇ ಎಂದು ಯಂತ್ರವೇ ತಾಳೆನೋಡಬೇಕು. ಹೊರಗಿನಿಂದ ಬರುತ್ತಿರುವ ಫೈಲು ಪೂರ್ತಿಯಾಗಿ ಬಂದು ಸೇರುವವರೆಗೆ ಅದನ್ನು ಮುಟ್ಟಕೂಡದು. ಕರೆಂಟು ಹೋದಾಗ ಆಧಾರವಾಗಿರಲು ಯುಪಿಎಸ್ ಇರಬೇಕು. ನಮ್ಮ ಸೀಮೆಯ ಬೇಸಗೆಯನ್ನೂ ಅದಿರಿನ ಲಾರಿಗಳ ಕೆಂಧೂಳನ್ನೂ ಬಲ್ಲವರು ಸರ್ವರಿನ ಫ್ಯಾನನ್ನು ಆಗಾಗ ಶುಚಿಮಾಡಲು ಮರೆಯಲಾರರು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲವು ಬೇರೊಂದು ಡಿಸ್ಕಿನಲ್ಲಿರತಕ್ಕದ್ದು. ಅದನ್ನು ಅಳಿಸುವ ಅಧಿಕಾರವು ಯಂತ್ರಕ್ಕಿರಕೂಡದು. ಒಮ್ಮೆ ಕಿರಿದಾಗಿಸಿದ ಚಿತ್ರದಿಂದ ಬಿಟ್ಟುಹೋದ ವಿವರವು ಮರಳಿ ಬಾರದು.

ಹಂಪಿಯ ಶಾಸನಗಳ ಅಚ್ಚನ್ನು ಕಾಗದದ ಮೇಲೆ ತೆಗೆದ ವಿದ್ವಾಂಸರು, ಪ್ರತಿಯು ದೊರೆಯಿತೆಂದು ಶಿಲೆಯನ್ನು ಒಡೆದವರಲ್ಲ. ಓದುವುದಕ್ಕೆ ಪ್ರತಿಯು ಸಾಕಾದೀತು. ಸಂದೇಹ ಬಂದಾಗ ಮರಳಿ ಹೋಗಲು ಕಲ್ಲೇ ಬೇಕು. ಈಗ ಸಂಡೂರು, ಕಂಪ್ಲಿಗಳಿಂದ ನೆಂಟರು ಬಂದಾಗ ಯಾರ ಮೊಬೈಲಿನಲ್ಲಾದರೂ ಅಜ್ಜಿಯ ಹಾಡು ಕೇಳುವುದು. ಕ್ಯಾಸೆಟ್ಟು ಮಾತ್ರ ಅತ್ತೆಯ ಟ್ರಂಕಿಗೆ ಹಿಂದಿರುಗಿದೆ.