ಹುಣಸೆಯ ಹೆಸರು, ಹತ್ತಿಯ ನಂಟು

ಹಾವೇರಿ ಜಿಲ್ಲೆಯ ಸವಣೂರಿನ ಕಲ್ಮಠದ ಆವರಣದಲ್ಲಿರುವ ಮೂರು ಭಾರಿ ಮರಗಳನ್ನು ಜನರು ತಲೆಮಾರುಗಳಿಂದ ದೊಡ್ಡ ಹುಣಸೆ ಎಂದು ಕರೆಯುತ್ತ ಬಂದಿದ್ದಾರೆ. ಆ ಹೆಸರು ಮಠಕ್ಕೂ ಸೇರಿಕೊಂಡು ಅದು ದೊಡ್ಡಹುಣಸೆ ಕಲ್ಮಠವೆಂದೇ ಪ್ರಸಿದ್ಧವಾಗಿದೆ. ಆಫ್ರಿಕದ ಒಣ ಬಯಲುಗಳಿಂದ ಬಂದ ಈ ಮರವನ್ನು ಜಗತ್ತು ಬಾವೊಬಾಬ್ ಎನ್ನುತ್ತದೆ, ಸಸ್ಯಶಾಸ್ತ್ರವು ಅಡನ್ಸೋನಿಯ ಡಿಜಿಟೇಟ ಎನ್ನುತ್ತದೆ. ಅದರ ಗಟ್ಟಿ ಕಾಯನ್ನು ಒಡೆದರೆ ಬೀಜಗಳ ಸುತ್ತ ಇರುವ ಬಿಳಿಯ, ಹಿಟ್ಟಿನಂತಹ ಒಣ ತಿರುಳು ಹುಳಿಯಾಗಿರುತ್ತದೆ, ಹುಣಸೆಯ ಹೆಸರು ಬಂದದ್ದು ಅದರಿಂದಲೇ. ಹೀಗೆ ಹೋಲಿಸಿದವರು ಕನ್ನಡಿಗರು ಮಾತ್ರವಲ್ಲ. ತಮಿಳರು ಅದನ್ನು ಆನೆಹುಣಸೆ ಎಂಬ ಅರ್ಥದ ಮಾತಿನಿಂದ ಕರೆದರು, ಹಿಂದಿಯವರು ಗೋರಖ ಇಮ್ಲಿ ಎಂದರು. ಸ್ವತಃ ಹುಣಸೆಗೆ ಅರಬರು ಕೊಟ್ಟ ಹೆಸರಿಗೆ ಹಿಂದೂಸ್ತಾನದ ಖರ್ಜೂರ ಎಂದರ್ಥ, ಆದರೆ ಹುಣಸೆಗೂ ಖರ್ಜೂರಕ್ಕೂ ಸಂಬಂಧವಿಲ್ಲ, ಅದರ ಮೂಲವೂ ಆಫ್ರಿಕವೇ. ರುಚಿ, ಬಳಕೆ, ಗಾತ್ರ ಇವುಗಳನ್ನು ಹಿಡಿದು ಹೆಸರಿಡುವುದು ಎಲ್ಲ ನಾಡುಗಳ ರೂಢಿ ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗಿಡಗಳ ನಂಟನ್ನು ತಿಳಿಯಬಯಸುವವರು ಕಾಯಿಯ ಹುಳಿಯನ್ನು ಬದಿಗಿಟ್ಟು ಹೂವಿನ ರಚನೆಯನ್ನು ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ಸವಣೂರಿನ ಈ ಮರಗಳ ಬಂಧುಗಳು ಊರಾಚೆಯ ಎರೆಹೊಲಗಳಲ್ಲಿ ಬೆಳೆಯುವ ಹತ್ತಿ ಗಿಡಗಳೆಂದು ಗೊತ್ತಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಹತ್ತಿರದ ಪ್ರಭೇದಗಳು ಸೇರಿ ಒಂದು ಜಾತಿ, ಹತ್ತಿರದ ಜಾತಿಗಳು ಸೇರಿ ಒಂದು ಕುಟುಂಬ. ಹತ್ತಿಯ ಕುಟುಂಬದ ಹೆಸರು ಮಾಲ್ವೇಸಿ. ಹತ್ತಿಯ ಹೂವನ್ನು ಹೊರಗಿನಿಂದ ಒಳಕ್ಕೆ ಬಿಡಿಸುತ್ತ ಹೋದರೆ ಮೊಗ್ಗನ್ನು ಕಾಯುವ ಹಸಿರು ಬಟ್ಟಲಾದ ಪುಷ್ಪಪಾತ್ರೆ, ಬಣ್ಣದ ದಳಗಳು, ಗಂಡುಭಾಗವಾದ ಕೇಸರಗಳು, ನಡುವೆ ಮುಂದೆ ಕಾಯಾಗುವ ಅಂಡಾಶಯ ಎಂಬ ನಾಲ್ಕು ಸುತ್ತುಗಳು ಸಿಗುತ್ತವೆ. ಹತ್ತಿಯಲ್ಲಿ ಪುಷ್ಪಪಾತ್ರೆಯ ಹೊರಗೆ ಅಂಚು ಸೀಳಿದ ಮೂರು ದೊಡ್ಡ ಎಲೆಯಂತಹ ಭಾಗಗಳು ಇನ್ನೊಂದು ಬಟ್ಟಲಾಗಿ ನಿಂತಿರುತ್ತವೆ, ಅದಕ್ಕೆ ಉಪಪುಷ್ಪಪಾತ್ರೆ ಎನ್ನುತ್ತಾರೆ. ಐದು ದಳಗಳು ಮೊಗ್ಗಿನಲ್ಲಿ ಹಿಂಡಿದ ಬಟ್ಟೆಯಂತೆ ಒಂದರ ಅಂಚನ್ನು ಒಂದು ಹೊದ್ದು ಸುರುಳಿಯಾಗಿರುತ್ತವೆ. ಎಲ್ಲಕ್ಕಿಂತ ನಂಬಿಕೆಯ ಗುರುತೆಂದರೆ ಅನೇಕ ಕೇಸರಗಳು ತಮ್ಮ ಕಡ್ಡಿಗಳನ್ನು ಒಟ್ಟುಗೂಡಿಸಿ ಒಂದು ಕೊಳವೆಯಾಗುವುದು ಮತ್ತು ಅಂಡಾಶಯದ ಮೇಲಿನ ದಂಟಾದ ಶಲಾಕೆ ಆ ಕೊಳವೆಯೊಳಗಿನಿಂದ ಹಾದು ತುದಿಯಲ್ಲಿ ಹೊರಬರುವುದು. ದಾಸವಾಳದ ನಡುವಿನಿಂದ ಚಾಚಿಕೊಂಡಿರುವ ಕಡ್ಡಿಯನ್ನು ನೋಡಿದವರೆಲ್ಲರೂ ಈ ಕೊಳವೆಯನ್ನು ಕಂಡವರೇ. ಬೆಂಡೆಯ ಲೋಳೆ, ಪುಂಡಿಯ ನಾರು ಈ ಕುಟುಂಬದ ಇನ್ನೆರಡು ಮನೆಗುರುತುಗಳು.

ಅಂಗೈ ಬೆರಳುಗಳಂತೆ ಐದಾರು ಕಿರುಎಲೆಗಳಾಗಿ ಹರಡಿದ ಎಲೆ, ಉದ್ದ ತೊಟ್ಟಿನಿಂದ ತಲೆಕೆಳಗಾಗಿ ತೂಗುವ ಬಿಳಿಯ ದೊಡ್ಡ ಹೂವು, ಸಂಜೆ ಅರಳಿ ಬಾವಲಿಗಳನ್ನು ಕರೆಯುವ ಅದರ ಸ್ವಭಾವ, ಇವೆಲ್ಲ ಸೇರಿ ದೊಡ್ಡ ಹುಣಸೆಯನ್ನು ಹತ್ತಿಯಿಂದ ಬಹು ದೂರದ್ದೆಂದು ತೋರಿಸುತ್ತವೆ. ಆದರೆ ಉದುರಿದ ಹೂವನ್ನು ಮೇಲ್ಮುಖ ಮಾಡಿ ನೋಡಿದರೆ ಐದು ದಳಗಳಿವೆ, ನೂರಾರು ಕೇಸರಗಳು ಬುಡದಲ್ಲಿ ಒಂದೇ ಕೊಳವೆಯಾಗಿ ಕೂಡಿ ತುದಿಯಲ್ಲಿ ಚೆಂಡಿನಂತೆ ಬಿಚ್ಚಿಕೊಂಡಿವೆ, ಶಲಾಕೆ ಆ ಕೊಳವೆಯ ನಡುವೆಯೇ ಹಾದಿದೆ. ತೊಗಟೆ ನಾರು, ಎಲೆ ಲೋಳೆ. ನಿಜವಾದ ಹುಣಸೆಯ ಹೂವಿನಲ್ಲಾದರೋ ಕೆಂಪು ಗೆರೆಗಳ ಹಳದಿಯ ಮೂರು ದಳಗಳು ಮಾತ್ರ ಚೆನ್ನಾಗಿ ಬೆಳೆದಿರುತ್ತವೆ, ಫಲ ಕಟ್ಟಿಸುವ ಕೇಸರಗಳೂ ಮೂರೇ.

ಹೂವಿನ ಒಂದು ಲಕ್ಷಣವನ್ನಲ್ಲದೆ ಹಲವು ಲಕ್ಷಣಗಳನ್ನು ಒಟ್ಟಿಗೆ ತೂಗಿ ನಂಟನ್ನು ನಿರ್ಧರಿಸುವ ಈ ಕ್ರಮ ಎರಡು ಶತಮಾನಗಳಿಗೂ ಹೆಚ್ಚಿನ ವಾದವಿವಾದದ ಫಲ. ಗಿಡಗಳ ಗುಂಪಿಗೆ ಕುಟುಂಬವೆಂಬ ಮಾತನ್ನು ಬಳಕೆಗೆ ತಂದವನು ಫ್ರಾನ್ಸಿನ ಮಾಂಪೆಲಿಯೆಯ ಪಿಯರ್ ಮಾಗ್ನೊಲ್. 1689ರ ತನ್ನ ಪುಸ್ತಕದಲ್ಲಿ ಅವನು 76 ಕುಟುಂಬಗಳನ್ನು ಪಟ್ಟಿಮಾಡಿದ. ಕನ್ನಡಿಗರ ಸಂಪಿಗೆ ಇಂದು ಸೇರಿರುವ ಜಾತಿಗೆ ಅವನ ನೆನಪಿನಲ್ಲೇ ಮ್ಯಾಗ್ನೋಲಿಯ ಎಂದು ಹೆಸರಿಡಲಾಗಿದೆ. ಸ್ವೀಡನ್ನಿನ ಲಿನೇಯಸ್ ಈ ದಾರಿಯನ್ನು ಬಿಟ್ಟು ಮುಖ್ಯವಾಗಿ ಕೇಸರಗಳ ಸಂಖ್ಯೆ ಮತ್ತು ಜೋಡಣೆಯನ್ನು ಹಿಡಿದು ಸಸ್ಯಲೋಕವನ್ನು 24 ವರ್ಗಗಳಾಗಿ ಹಂಚಿದ. ಎಣಿಸಲು ಬಂದರೆ ಸಾಕು ಎಂಬಷ್ಟು ಸುಲಭವಾದ ಆ ಪದ್ಧತಿ ಬೇಗ ಹರಡಿತು, ಆದರೆ ಅದು ಬಂಧುಗಳನ್ನು ಅಗಲಿಸಿ ಅಪರಿಚಿತರನ್ನು ಕೂಡಿಸಿತು. 1753ರ ಅವನ ಗ್ರಂಥದಲ್ಲಿ ಹುಣಸೆ ಮೂರು ಕೇಸರಗಳ ಕಾರಣಕ್ಕೆ ಗೋಧಿಯ ವರ್ಗಕ್ಕೇ ಬಂದು ಕುಳಿತಿತು. ಆರು ಕೇಸರಗಳ ಭತ್ತ ಗೋಧಿಯನ್ನು ಬಿಟ್ಟು ಬೇರೆ ವರ್ಗಕ್ಕೆ ಹೋಯಿತು.

ಇದನ್ನು ಒಪ್ಪದವರಲ್ಲಿ ಮುಖ್ಯನಾದವನು ಮಿಶೆಲ್ ಅಡಾನ್ಸನ್. 1727ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಸೆನೆಗಾಲ್‌ಗೆ ಹೋಗಿ ಸುಮಾರು ಐದು ವರ್ಷ ಅಲ್ಲಿದ್ದ ಅವನು ಯುರೋಪಿನ ಪುಸ್ತಕಗಳ ವರ್ಗಗಳು ಆಫ್ರಿಕದ ಗಿಡಗಳಿಗೆ ಹೊಂದುವುದಿಲ್ಲವೆಂದು ಕಂಡುಕೊಂಡ. ಒಂದೊಂದು ಅಂಗವನ್ನೇ ಆಧಾರವಾಗಿಟ್ಟುಕೊಂಡು 65 ವರ್ಗೀಕರಣಗಳನ್ನು ತಾನೇ ಕಟ್ಟಿ, ಅವುಗಳಲ್ಲಿ ಹೆಚ್ಚು ಸಲ ಒಟ್ಟಿಗೆ ಬರುವ ಗಿಡಗಳನ್ನು ನಿಜವಾದ ಬಂಧುಗಳೆಂದು ಎಣಿಸಿ, 1763ರಲ್ಲಿ ಹೊರಬಂದ ಗ್ರಂಥದಲ್ಲಿ 58 ಕುಟುಂಬಗಳನ್ನು ನಿರೂಪಿಸಿದ. ಅವನು ಸೆನೆಗಾಲ್‌ನಲ್ಲಿ ಕಂಡು ವಿವರಿಸಿದ ಮರಗಳಲ್ಲಿ ಬಾವೊಬಾಬ್ ಒಂದು. ಲಿನೇಯಸ್ ಅದಕ್ಕೆ ಅಡಾನ್ಸನ್‌ನ ಹೆಸರನ್ನೇ ಕೊಟ್ಟರೂ, ಗಿಡಗಳಿಗೆ ಆಯಾ ನಾಡಿನ ಹೆಸರುಗಳೇ ಇರಬೇಕೆಂದು ಬಯಸುತ್ತಿದ್ದ ಅಡಾನ್ಸನ್ ಬಾವೊಬಾಬ್ ಎಂಬುದನ್ನೇ ಬಳಸಿದ. ಆ 58 ಕುಟುಂಬಗಳ ಹೂಗಳಿಂದ ಕಟ್ಟಿದ ಮಾಲೆಯೊಂದೇ ತನ್ನ ಸಮಾಧಿಯ ಅಲಂಕಾರವಾಗಲಿ ಎಂದು ಅವನು ಕೇಳಿಕೊಂಡಿದ್ದನೆಂದು ಸಮಕಾಲೀನನಾದ ಕುವ್ಯೆ ದಾಖಲಿಸಿದ್ದಾನೆ. ಗಿಡಗಳ ಕುಟುಂಬಗಳನ್ನು ಹುಡುಕುತ್ತ ಬದುಕನ್ನು ಸವೆಸಿದವನ ಹೆಸರು ಹೊತ್ತ ಮರ ಸವಣೂರಿನಲ್ಲಿ ಬೇರೆ ಕುಟುಂಬದ ಹೆಸರಿನಿಂದ ಬದುಕಿದೆ ಎಂಬುದು ನೆನಪಿಡಬೇಕಾದ ಸಂಗತಿ. 1789ರಲ್ಲಿ ಆಂಟ್ವಾನ್ ಲಾರೆಂಟ್ ಜುಸ್ಯೂ ಈ ಕ್ರಮವನ್ನು ಬೆಳೆಸಿ ನೂರು ಗುಂಪುಗಳನ್ನು ಲಕ್ಷಣಸಹಿತ ವಿವರಿಸಿದ ಮೇಲೆ ಲಿನೇಯಸ್‌ನ ಎಣಿಕೆಯ ಪದ್ಧತಿ ಹಿಂದೆ ಸರಿಯಿತು.

ಕುಟುಂಬಕ್ರಮ ನಮ್ಮ ಕಡೆಯ ಗಿಡಗಳಿಗೂ ಅನ್ವಯವಾಯಿತು. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ತಾಲ್ಲೂಕುಗಳು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು, ಸವಣೂರು ನವಾಬರ ಸಂಸ್ಥಾನವಾಗಿತ್ತು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೊಡೋರ್ ಕುಕ್ ಈ ಪ್ರಾಂತದ ಸಸ್ಯಗಳ ಕೈಪಿಡಿಯನ್ನು 1901ರಿಂದ 1908ರ ನಡುವೆ ಹೊರತಂದಾಗ ಅದರಲ್ಲಿ ಅನುಸರಿಸಿದ್ದು ಬೆಂಥಮ್ ಮತ್ತು ಹುಕರ್ ಎಂಬ ಇಂಗ್ಲಿಷ್ ವಿದ್ವಾಂಸರ ಕುಟುಂಬಕ್ರಮವನ್ನು. ಇಂತಹ ಕೈಪಿಡಿಗಳಲ್ಲಿ ಗಿಡವನ್ನು ಗುರುತಿಸಲು ಎರಡೆರಡು ಆಯ್ಕೆಗಳ ಸಾಲುಗಳಿರುತ್ತವೆ: ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದಾಗಿವೆಯೋ, ದಳಗಳು ಬಿಡಿಯೋ ಕೂಡಿದವೋ, ಅಂಡಾಶಯ ದಳಗಳ ಮೇಲಿದೆಯೋ ಕೆಳಗಿದೆಯೋ ಎಂದು ಕೇಳುತ್ತ ಹೋಗಿ ಕೊನೆಗೆ ಕುಟುಂಬದ ಬಾಗಿಲಿಗೆ ಮುಟ್ಟಿಸುವ ಈ ಉಪಾಯವನ್ನು 1778ರಲ್ಲಿ ಪ್ರಚಾರಕ್ಕೆ ತಂದವನು ಲಮಾರ್ಕ್. ಕುಂಬಳ, ಸವತೆ, ಹೀರೆಗಳ ಹೆಣ್ಣುಹೂವಿನ ಕೆಳಗೆ ಕಾಣುವ ಮರಿಕಾಯಿ ದಳಗಳ ಕೆಳಗಿರುವ ಅಂಡಾಶಯವೇ ಎಂದು ತಿಳಿದವರಿಗೆ ಆ ಮೂರನೆಯ ಪ್ರಶ್ನೆ ಕಷ್ಟವೆನಿಸದು.

ಹಳೆಯ ಕುಟುಂಬನಾಮಗಳಲ್ಲಿ ಕೆಲವು ಲಕ್ಷಣವನ್ನೇ ಹೇಳುತ್ತಿದ್ದವು. ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಕೊಡೆ ಹಿಡಿದದ್ದು ಎಂಬ ಹೆಸರಿತ್ತು, ಏಕೆಂದರೆ ಅವುಗಳ ಹೂತೊಟ್ಟುಗಳು ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ಹೊರಡುತ್ತವೆ. ಸಾಸಿವೆಯ ಕುಟುಂಬಕ್ಕೆ ನಾಲ್ಕು ದಳಗಳ ಶಿಲುಬೆಯ ಹೆಸರಿತ್ತು. ದ್ವಿದಳ ಧಾನ್ಯಗಳ ಕುಟುಂಬದ ಗುರುತು ಸಾಮಾನ್ಯವಾಗಿ ಎರಡು ಅಂಚುಗಳಲ್ಲಿ ಬಿರಿಯುವ ಕಾಯಿ. ತೊಗರಿ, ಅಲಸಂದಿ, ಶೇಂಗಾ ಹೂಗಳಲ್ಲಿ ಹಿಂದೆ ಎದ್ದು ನಿಂತ ಒಂದು ದೊಡ್ಡ ದಳ, ಪಕ್ಕದಲ್ಲಿ ರೆಕ್ಕೆಯಂತಹ ಎರಡು, ಕೆಳಗೆ ದೋಣಿಯಾಗಿ ಕೂಡಿದ ಎರಡು ಇರುತ್ತವೆ. ಇವನ್ನು ಬರಿಗಣ್ಣಿಗೆ ತೋರಿಸಲು ಚೊಗಚಿಯ ದೊಡ್ಡ ಹೂವಿಗಿಂತ ಒಳ್ಳೆಯ ಪಾಠವಿಲ್ಲ. ದೋಣಿದಳವಿಲ್ಲದ ಹುಣಸೆ, ತಂಗಡಿಗಳೂ ಕೇಸರಗಳೇ ಹಳದಿ ಚೆಂಡಾಗಿ ಕಾಣುವ ಜಾಲಿಯೂ ಇದೇ ಕುಟುಂಬದವು, ಮತ್ತು ಹೂವು ಬೇರೆಯಾದರೂ ಕಾಯಿ ಅವುಗಳನ್ನು ಕೂಡಿಸುತ್ತದೆ. ಒಂದೇ ಲಕ್ಷಣಕ್ಕೆ ಜೋತುಬೀಳಬಾರದು ಎಂಬ ಅಡಾನ್ಸನ್‌ನ ಮಾತಿಗೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಬೇಕಿಲ್ಲ.

ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ಅವರ ರಾಮಧಾನ್ಯಚರಿತೆಯಲ್ಲಿ ಭತ್ತ ಮತ್ತು ರಾಗಿ ತಮ್ಮಲ್ಲಿ ಯಾರು ಮೇಲೆಂದು ವಾದಿಸುತ್ತವೆ. ಕೇಸರಗಳನ್ನು ಎಣಿಸುವ ಪದ್ಧತಿಯಲ್ಲಿ ಆರು ಕೇಸರಗಳ ಭತ್ತಕ್ಕೂ ಮೂರು ಕೇಸರಗಳ ರಾಗಿಗೂ ಬೇರೆ ಬೇರೆ ವರ್ಗ. ಕುಟುಂಬಕ್ರಮದಲ್ಲಿ ಎರಡೂ ಒಂದೇ ಹುಲ್ಲಿನ ಮನೆಯವು, ಹಿರೇಕೆರೂರಿನ ಹೊಲಗಳ ಗೋವಿನಜೋಳವೂ ಅದೇ ಮನೆಯದು. ಗೆಣ್ಣು ಗೆಣ್ಣಾದ ದುಂಡು ದಂಟು, ದಂಟನ್ನು ಸುತ್ತಿ ಒಂದು ಬದಿ ತೆರೆದಿರುವ ಎಲೆಯ ಒರೆ, ಎರಡು ಸಾಲಿನಲ್ಲಿ ಹೊರಡುವ ಎಲೆಗಳು ಹುಲ್ಲಿನ ಗುರುತು. ಹಾನಗಲ್ಲಿನ ಗದ್ದೆಗಳಲ್ಲಿ ಭತ್ತದ ನಡುವೆ ಏಳುವ ಜೇಕು ಹುಲ್ಲಿನಂತೆಯೇ ಕಂಡರೂ ಅದರ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣುಗಳು ತಾಗುತ್ತವೆ, ಎಲೆಗಳು ಮೂರು ಸಾಲಿನಲ್ಲಿರುತ್ತವೆ, ಒರೆ ತೆರೆಯದೆ ಕೂಡಿಕೊಂಡಿರುತ್ತದೆ; ಅದು ಸೈಪರೇಸಿ ಎಂಬ ಬೇರೆಯೇ ಕುಟುಂಬ.

ಇಂತಹ ತಿಳಿವಳಿಕೆ ವಿದ್ವತ್ತಿಗಷ್ಟೇ ಸೀಮಿತವಲ್ಲ. ಹತ್ತಿಯ ಕಾಯಿ ಕೊರೆಯುವ ಚುಕ್ಕೆ ಹುಳು ಬೆಂಡೆಯನ್ನೂ ಕೊರೆಯುತ್ತದೆ, ಮೆಣಸಿನಕಾಯಿ, ಬದನೆ, ಟೊಮೆಟೊಗಳು ಒಂದೇ ಕುಟುಂಬದವಾದ್ದರಿಂದ ಒಂದರ ಸೊರಗು ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದಕ್ಕೆ ತಗಲುತ್ತದೆ. ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ಎರಡು ಪ್ರಭೇದಗಳ ಹತ್ತಿಯನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಎಂಬ ಮಿಶ್ರತಳಿಯನ್ನು ಕೊಟ್ಟದ್ದೂ ಗಿಡಗಳ ನಂಟಿನ ಬಲದಿಂದಲೇ.

ದೊಡ್ಡ ಹುಣಸೆಯ ಮನೆ ಮಾತ್ರ ಪುಸ್ತಕಗಳಲ್ಲಿ ಬದಲಾಗುತ್ತಲೇ ಇತ್ತು. ಬೆಂಥಮ್ ಮತ್ತು ಹುಕರ್ ಅದನ್ನು ಬೂರುಗದೊಂದಿಗೆ ಹತ್ತಿಯ ಕುಟುಂಬದೊಳಗೇ ಒಂದು ಪಂಗಡವಾಗಿ ಇಟ್ಟಿದ್ದರು. ಬೆರಳೆಲೆಯನ್ನೂ, ದಾಸವಾಳದ ಮುಳ್ಳುಮುಳ್ಳು ಪರಾಗಕ್ಕೆ ಪ್ರತಿಯಾಗಿ ಈ ಪಂಗಡದಲ್ಲಿ ಸಾಮಾನ್ಯವಾಗಿ ಕಾಣುವ ನಯವಾದ ಪರಾಗವನ್ನೂ ಮುಂದಿಟ್ಟುಕೊಂಡು ಇತರರು ಈ ಮರಗಳನ್ನು ಬಾಂಬಕೇಸಿ ಎಂಬ ಪ್ರತ್ಯೇಕ ಕುಟುಂಬವಾಗಿಸಿದರು, ಇಪ್ಪತ್ತನೆಯ ಶತಮಾನದ ಪಠ್ಯಪುಸ್ತಕಗಳು ಬಹುಮಟ್ಟಿಗೆ ಇದನ್ನೇ ಕಲಿಸಿದವು. 1998ರಲ್ಲಿ ಹಲವು ದೇಶಗಳ ವಿದ್ವಾಂಸರು ಸೇರಿ ಡಿಎನ್‌ಎ ಹೋಲಿಕೆಯ ಆಧಾರದ ಮೇಲೆ ಪ್ರಕಟಿಸಿದ ಹೊಸ ಕ್ರಮದಲ್ಲಿ ಮರ ಮತ್ತೆ ಮಾಲ್ವೇಸಿಗೆ ಮರಳಿತು. 2016ರ ಪರಿಷ್ಕರಣದಲ್ಲಿ ಹೂಬಿಡುವ ಸಸ್ಯಗಳ ಕುಟುಂಬಗಳ ಸಂಖ್ಯೆ 416. ಇದೇ ಪರಿಶೀಲನೆ ಹಾನಗಲ್ಲಿನ ಕಾಡಂಚಿನ ಸಾಗುವಾನಿಯನ್ನು ತುಳಸಿಯ ಕುಟುಂಬಕ್ಕೆ ಸೇರಿಸಿತು. ನಂಬಲು ಕಷ್ಟವೆನಿಸಿದರೆ ಸಾಗುವಾನಿಯ ಎಳೆಯ ಕೊಂಬೆಯನ್ನು ಮುಟ್ಟಿ ನೋಡಬಹುದು, ತುಳಸಿಯ ಕಡ್ಡಿಯಂತೆ ಅದೂ ನಾಲ್ಕು ಮೂಲೆಯದು, ಎಲೆಗಳೂ ಎದುರುಬದುರು. ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯಲ್ಲಿ ಶಿಲ್ಪಿಗಳು ಕಡೆದ ತಾವರೆಯ ಕಥೆ ಇನ್ನೂ ಬೇರೆ. ನೀರಿನಲ್ಲಿ ಬೆಳೆಯುವುದರಿಂದ ನೈದಿಲೆಯೊಡನೆ ಬಹುಕಾಲ ಒಂದೇ ಕುಟುಂಬದಲ್ಲಿ ಎಣಿಸಲಾಗಿದ್ದ ತಾವರೆ ಈಗ ಸಿಲ್ವರ್ ಓಕ್ ಮರದ ದೂರದ ಸಂಬಂಧಿಯಾಗಿದೆ. ನೈದಿಲೆಯ ಎಲೆ ಬುಡದವರೆಗೆ ಸೀಳಿ ನೀರಿನ ಮೇಲೆ ಮಲಗಿರುತ್ತದೆ, ತಾವರೆಯದು ಸೀಳಿಲ್ಲದ ತಟ್ಟೆಯಾಗಿ ನೀರಿನಿಂದ ಮೇಲೆದ್ದು ನಿಲ್ಲುತ್ತದೆ ಎಂಬುದು ಕೆರೆಯ ಬಳಿ ಬದುಕುವವರಿಗೆ ಎಂದೂ ಗೊತ್ತಿದ್ದ ಮಾತು.

ಈ ಶಾಸ್ತ್ರವನ್ನು ಕನ್ನಡದಲ್ಲಿ ಓದುವಂತೆ ಮಾಡಿದವರಲ್ಲಿ ಬಿ. ಜಿ. ಎಲ್. ಸ್ವಾಮಿಯವರ ಸ್ಥಾನ ದೊಡ್ಡದು. ವಿದ್ಯಾರ್ಥಿಗಳೊಡನೆ ಮಾಡಿದ ಸಸ್ಯಸಂಗ್ರಹದ ಪ್ರವಾಸಗಳನ್ನು ಹೇಳುವ ಅವರ ಹಸುರು ಹೊನ್ನು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇದೇ ಶಿಗ್ಗಾಂವಿ ತಾಲ್ಲೂಕಿನಲ್ಲಿರುವುದರಿಂದ, ಸವಣೂರು, ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ತಾಲ್ಲೂಕುಗಳ ರೈತರು ಮತ್ತು ನಾಟಿವೈದ್ಯರ ಬಾಯಲ್ಲಿರುವ ಗಿಡಹೆಸರುಗಳನ್ನು ಹೂವಿನ ಲಕ್ಷಣಗಳೊಡನೆ ಕೂಡಿಸಿ ಬರೆದಿಡುವ ಕೆಲಸಕ್ಕೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

2023ರ ಮಳೆಗಾಲದಲ್ಲಿ ಕಲ್ಮಠದ ಮೂರು ಮರಗಳಲ್ಲಿ ಒಂದು ಉರುಳಿಬಿದ್ದಾಗ ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಡಲಾಯಿತು. ಆ ಮರಗಳನ್ನು ನೋಡಲು ಮುಂಗಾರಿನ ದಿನಗಳಲ್ಲಿ ಹೋಗುವವರು ಬೆಳಗಿನ ಹೊತ್ತು ನೆಲದ ಮೇಲೆ ಹೂವು ಬಿದ್ದಿದ್ದರೆ ಒಂದನ್ನು ಎತ್ತಿಕೊಂಡು, ಕೇಸರಗಳು ಕೂಡಿದ ಕೊಳವೆಯನ್ನು ಉಗುರಿನಿಂದ ಸೀಳಿ ಶಲಾಕೆಯನ್ನು ಹುಡುಕಬೇಕು. ಆಗ ಹತ್ತಿ ಇನ್ನೂ ಹೂಬಿಟ್ಟಿರುವುದಿಲ್ಲ, ಪಕ್ಕದಲ್ಲಿಟ್ಟು ನೋಡಲು ಹಿತ್ತಲಿನ ಬೆಂಡೆಯ ಹೂವು ಸಾಕು.